ವಾರ್ಡ್‌ನಲ್ಲಿ ಹಿರಿಯಳು, ಕ್ಲಾಸಿನಲ್ಲಿ ಹೊಸಬಳು

ಪ್ರಶ್ನೆ: 14 ವರ್ಷ ಐಸಿಯುನಲ್ಲಿ ನರ್ಸ್ ಆಗಿದ್ದೆ. ನಾಲ್ಕು ತಿಂಗಳಿಂದ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದೇನೆ. ರಾತ್ರಿ ಎರಡು ಗಂಟೆಯವರೆಗೆ ಸ್ಲೈಡ್ ಮಾಡಿದರೂ ಬೆಳಿಗ್ಗೆ ಕ್ಲಾಸಿನಲ್ಲಿ ಬಾಯಿ ಒಣಗುತ್ತದೆ. ಉಳಿದವರು ಸಂಶೋಧನೆ, ಪ್ರಬಂಧ ಅಂತ ಮಾತಾಡುವಾಗ ನಾನು ಇಲ್ಲಿಯವಳಲ್ಲ ಅನಿಸುತ್ತದೆ. ವಾಪಸ್ ಹೋಗಿಬಿಡಲಾ?

ಉತ್ತರ: ಈಗಲೇ ರಾಜೀನಾಮೆ ಬರೆಯಬೇಡಿ. ಐಸಿಯುಗೆ ಸೇರಿದ ನಾಲ್ಕನೇ ತಿಂಗಳಲ್ಲಿ ನೀವು ಹೇಗಿದ್ದಿರಿ? ವೆಂಟಿಲೇಟರ್ ಅಲಾರಂ ಹೊಡೆದರೆ ಎದೆ ಧಸಕ್ಕೆನ್ನುತ್ತಿತ್ತು ಅಲ್ವಾ?

ನರ್ಸ್ ಒಬ್ಬರು ಹೊಸಬರಿಂದ ನಿಪುಣರಾಗುವ ಹಾದಿಯನ್ನು ಅಮೆರಿಕದ ನರ್ಸಿಂಗ್ ತಜ್ಞೆ ಪೆಟ್ರೀಷಿಯಾ ಬೆನ್ನರ್ 1984ರಲ್ಲಿ ಐದು ಹಂತಗಳಲ್ಲಿ ವಿವರಿಸಿದರು. ಎಷ್ಟೇ ಪಳಗಿದವರಾದರೂ, ಅನುಭವವೇ ಇಲ್ಲದ ಜಾಗಕ್ಕೆ ಹೋದರೆ ಮತ್ತೆ ಮೊದಲ ಹಂತದಲ್ಲಿ ನಿಲ್ಲಬಹುದು ಅಂತ ಅವರೇ ಹೇಳಿದ್ದಾರೆ. ನಿಮಗೆ ಆಗಿರುವುದು ಅದೇ. ನಿಮ್ಮ ಬುದ್ಧಿಗೆ ಏನೂ ಆಗಿಲ್ಲ.

ನಿಪುಣರಿಗೆ ಇನ್ನೊಂದು ಕಷ್ಟವಿದೆ. ಗೊತ್ತಿರುವುದೆಲ್ಲ ಕೈಗೆ ಇಳಿದುಬಿಟ್ಟಿರುತ್ತದೆ, ಬಾಯಿಗೆ ಬರುವುದಿಲ್ಲ. ರೋಗಿಯ ಮುಖ ನೋಡಿದ ಕೂಡಲೇ 'ಏನೋ ಸರಿಯಿಲ್ಲ' ಅಂತ ನಿಮಗೆ ಹೊಳೆಯುತ್ತದೆ. ಹೇಗೆ ಹೊಳೆಯಿತು? ಅದನ್ನು ಬಿಡಿಸಿ ಹೇಳಿ, ಅದೇ ಪಾಠ. ಉದಾಹರಣೆಗೆ, ನಿಮಿಷಕ್ಕೆ 16 ಇದ್ದ ಉಸಿರು 26 ಆಗಿತ್ತು. ರೋಗಿ ಸುಮ್ನೆ ಹೊದಿಕೆ ಎಳೆಯುತ್ತಿದ್ದರು. ಬಿಪಿ ಇನ್ನೂ ಸರಿಯಾಗೇ ಇತ್ತು. ಎಷ್ಟೋ ಸಲ ಅದು ಬೀಳುವುದು ಕೊನೆಗೆ. ಕಥೆಯನ್ನು ಅಲ್ಲಿಗೇ ನಿಲ್ಲಿಸಿ, 'ಈಗ ನೀವೇನು ಮಾಡ್ತೀರಿ?' ಅಂತ ಕೇಳಿ. ಉತ್ತರ ಬರುವವರೆಗೆ ಕಾಯಿರಿ. ರೋಗಿ ಯಾರೆಂದು ಗೊತ್ತಾಗದಂತೆ ಹೇಳಬೇಕು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಇಂಥ ಒಂದು ಕಥೆಯಿದ್ದರೆ ಅರ್ಧಕ್ಕಿಂತ ಜಾಸ್ತಿ ಸ್ಲೈಡ್ ಬೇಕಾಗುವುದಿಲ್ಲ. ರಾತ್ರಿ ನಿದ್ದೆಯೂ ಸಿಗುತ್ತದೆ.

ಒಂದು ವಿಷಯಕ್ಕೆ ನನಗೆ ಬೇಸರವಾಯಿತು. ಯಾರಾದರೂ ಜೊತೆಗಿದ್ದು ದಾರಿ ತೋರಿಸಿದರು ಅಂತ ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲ. ವಾರ್ಡ್‌ಗೆ ಬಂದ ಹೊಸ ನರ್ಸನ್ನು ಮೊದಲ ದಿನವೇ ಒಬ್ಬಳನ್ನೇ ಬಿಡುತ್ತಿದ್ದಿರಾ? ಇಲ್ಲ ಅಲ್ವಾ? ಹಾಗಾದರೆ ವಿಭಾಗದ ಮುಖ್ಯಸ್ಥರ ಹತ್ತಿರ ಹೋಗಿ, ನನಗೊಬ್ಬ ಹಿರಿಯ ಶಿಕ್ಷಕರನ್ನು ಜೊತೆಗೆ ಕೊಡಿ ಅಂತ ಕೇಳಿ. ಅವರ ಕ್ಲಾಸಿನಲ್ಲಿ ಹಿಂದೆ ಕೂತು ನೋಡಿ. ನಿಮ್ಮ ಕ್ಲಾಸಿಗೂ ಅವರನ್ನು ಕರೆಯಿರಿ. ಇದು ನಿಮ್ಮ ಹಕ್ಕು, ಸಂಕೋಚ ಬೇಡ.

ಸಂಶೋಧನೆ ನಿಧಾನಕ್ಕೆ ಬರಲಿ. ವಾರ್ಡ್‌ನಲ್ಲಿ ನಿಮ್ಮನ್ನು ಕಾಡಿದ ಒಂದು ಪ್ರಶ್ನೆಯನ್ನು ಬರೆದಿಟ್ಟುಕೊಳ್ಳಿ, ಸದ್ಯಕ್ಕೆ ಅಷ್ಟು ಸಾಕು. ಒಪ್ಪಿಗೆ ಸಿಕ್ಕರೆ ತಿಂಗಳಿಗೆ ಒಂದೆರಡು ಡ್ಯೂಟಿಯನ್ನೂ ಉಳಿಸಿಕೊಳ್ಳಿ.

ಒಂದು ವರ್ಷ ಆದಮೇಲೂ ರೋಗಿಯ ಪಕ್ಕವೇ ಬೇಕು ಅನಿಸಿದರೆ, ಖಂಡಿತ ಹೋಗಿ. ಅದು ಸೋಲಲ್ಲ. ಆದರೆ ಮೊದಲು ಮುಂದಿನ ವಾರದ ಕ್ಲಾಸಿಗೆ ಒಬ್ಬ ರೋಗಿಯ ಕಥೆ ಆರಿಸಿಕೊಳ್ಳಿ. ಹೇಗಾಯಿತು ಅಂತ ನನಗೆ ಬರೆಯಿರಿ, ಕಾಯುತ್ತಿರುತ್ತೇನೆ.