ಯುಗಾದಿ ಊಟಕ್ಕೆ ಒಬ್ಬಟ್ಟಿನ ಜೊತೆ ಏನೇನು ಮಾಡಿದರೆ ಚೆನ್ನ?

ಯುಗಾದಿಗೆ 12 ಜನ ಊಟಕ್ಕೆ ಬರ್ತಿದ್ದಾರೆ, ಒಬ್ಬಟ್ಟು ಮತ್ತು ಒಬ್ಬಟ್ಟಿನ ಸಾರು ಅತ್ತೆಯವರು ಮಾಡ್ತಾರೆ, ಪಲ್ಯ, ಕೋಸಂಬರಿ, ಗೊಜ್ಜು ಮತ್ತು ಇನ್ನೊಂದು ಸಿಹಿ ನನ್ನ ಪಾಲಿಗೆ ಬಂದಿದೆ ಅಂತ ಬರೆದಿದ್ದೀರಿ. ಅಡುಗೆ ಪಟ್ಟಿ ಬರೆಯುವ ಮೊದಲು ಎಲೆಗೆ ಎಷ್ಟು ಬೇಳೆ ಬೀಳ್ತಿದೆ ಅಂತ ಒಮ್ಮೆ ಲೆಕ್ಕ ಹಾಕಿ. ಹೂರಣ ಬೇಳೆಯದು, ಸಾರು ಬೇಳೆ ಕಟ್ಟಿನದು, ಕೋಸಂಬರಿ ಬೇಳೆ. ಇದರ ಮೇಲೆ ರೂಢಿ ಅಂತ ಆಂಬೊಡೆ, ಹೆಸರುಬೇಳೆ ಪಾಯಸ ಸೇರಿಸಿದರೆ ಮೂರು ಗಂಟೆಗೆ ಮನೆಯವರೆಲ್ಲ ಹೊಟ್ಟೆ ಹಿಡ್ಕೊಂಡು ಮಲಗ್ತಾರೆ. ಹಬ್ಬದೂಟ ಭಾರ ಅನ್ನಿಸೋದಕ್ಕೆ ಸಿಹಿ, ತುಪ್ಪದ ಜೊತೆ ಬೇಳೆಯೂ ಕಾರಣ. ಆದ್ದರಿಂದ ನಿಮ್ಮ ಪಾಲಿನ ಅಡುಗೆಯಲ್ಲಿ ಕೋಸಂಬರಿ ಒಂದನ್ನು ಬಿಟ್ಟು ಉಳಿದದ್ದೆಲ್ಲ ತರಕಾರಿ, ಹುಳಿ, ಹಣ್ಣಿನ ಕಡೆ ಇರಲಿ. ನಾನು ಹೇಳೋದು ಇಷ್ಟು: ಹೆಸರುಬೇಳೆ ಕೋಸಂಬರಿ, ಹುರುಳಿಕಾಯಿ ಪಲ್ಯ, ಅನಾನಸ್ ಗೊಜ್ಜು, ಮಾವಿನಕಾಯಿ ಚಿತ್ರಾನ್ನ, ಸಿಹಿಗೆ ಗಸಗಸೆ ಪಾಯಸ. ಕರಿದದ್ದು ಬೇಕೇ ಬೇಕು ಅಂದರೆ ಅರಳು ಸಂಡಿಗೆ, ಹಪ್ಪಳ ಸಾಕು.

ಕೋಸಂಬರಿಗೆ 250 ಗ್ರಾಂ ಹೆಸರುಬೇಳೆ, ಎರಡು ಸೌತೆಕಾಯಿ, ಒಂದು ಹೋಳು ಕಾಯಿತುರಿ. ಬೇಳೆ ಒಂದು ಗಂಟೆ ನೆಂದರೆ ಸಾಕು. ಉಗುರಲ್ಲಿ ಒತ್ತಿದರೆ ಪಟ್ ಅಂತ ಮುರಿಯಬೇಕು, ಹಿಟ್ಟಾಗಬಾರದು. ರಾತ್ರಿಯೇ ನೆನೆಹಾಕಿದರೆ ಬೆಳಿಗ್ಗೆ ಹೊತ್ತಿಗೆ ಬೇಳೆ ಮೆತ್ತಗಾಗಿ ಒಂಥರಾ ವಾಸನೆ ಬಂದಿರುತ್ತೆ. ಬಸಿದ ಮೇಲೂ ಜಾಲರಿಯಲ್ಲಿ ಕಾಲು ಗಂಟೆ ಬಿಡಿ, ಬೇಳೆಗೆ ಅಂಟಿದ ನೀರೇ ಆಮೇಲೆ ಎಲೆಯಲ್ಲಿ ಹರಿದು ಪಲ್ಯಕ್ಕೆ ಸೇರೋದು. ಸೌತೆಕಾಯಿಯ ಬೀಜದ ತಿರುಳು ತೆಗೆದು ಹೆಚ್ಚಿ. ಸಾಸಿವೆ, ಇಂಗು, ಹಸಿಮೆಣಸಿನಕಾಯಿ ಒಗ್ಗರಣೆ ಆರಿದ ಮೇಲೆ ಕಲಸಿ. ಉಪ್ಪು, ನಿಂಬೆಹುಳಿ ಮಾತ್ರ ಎಲೆ ಹಾಕಿದ ಮೇಲೆಯೇ. ಉಪ್ಪು ಬಿದ್ದ ಹತ್ತು ನಿಮಿಷಕ್ಕೆ ಸೌತೆಕಾಯಿ ನೀರು ಬಿಡೋಕೆ ಶುರು ಮಾಡುತ್ತೆ.

ಪಲ್ಯಕ್ಕೆ 1 ಕೆಜಿ ಎಳೆ ಹುರುಳಿಕಾಯಿ, ಸಣ್ಣಗೆ ಹೆಚ್ಚಿದ್ದು. ಎರಡು ದೊಡ್ಡ ಚಮಚ ಎಣ್ಣೆಗೆ ಸಾಸಿವೆ, ಒಂದು ಚಮಚ ಉದ್ದಿನಬೇಳೆ, ನಾಲ್ಕು ಒಣಮೆಣಸಿನಕಾಯಿ, ಕರಿಬೇವು ಹಾಕಿ. ಹುರುಳಿಕಾಯಿ ಹಾಕಿ, ಅರ್ಧ ಲೋಟ ನೀರು, ಉಪ್ಪು. ಮೊದಲ ಐದು ನಿಮಿಷ ಮುಚ್ಚಳ ಮುಚ್ಚಬೇಡಿ. ತರಕಾರಿಯಿಂದ ಏಳುವ ಹುಳಿ ಅಂಶ ಆವಿಯ ಜೊತೆ ಹೊರಗೆ ಹೋಗದೆ ಪಾತ್ರೆಯಲ್ಲೇ ಉಳಿದರೆ ಹಸಿರು ಬಣ್ಣ ಕಂದಿಹೋಗುತ್ತೆ. ಕಾಯಿತುರಿ ಹಾಕೋದು ಒಲೆ ಆರಿಸಿದ ಮೇಲೆ. ಸಂಜೆಗೂ ಪಲ್ಯ ಉಳಿಯಬೇಕು ಅಂದರೆ ಆ ಪಾಲನ್ನು ಕಾಯಿ ಹಾಕುವ ಮೊದಲೇ ಬೇರೆ ಪಾತ್ರೆಗೆ ತೆಗೆದಿಡಿ. ಈ ಬಿಸಿಲಿಗೆ ಕಾಯಿ ಹಾಕಿದ್ದು ಬೇಗ ಹಳಸುತ್ತೆ.

ಗೊಜ್ಜನ್ನು ಹಿಂದಿನ ದಿನವೇ ಮಾಡಿಬಿಡಿ. ಮಾರನೆ ದಿನಕ್ಕೆ ಹೋಳು ಖಾರ, ಹುಳಿ ಹೀರಿಕೊಂಡು ರುಚಿ ಹೆಚ್ಚುತ್ತೆ. ಮಧ್ಯಮ ಗಾತ್ರದ ಒಂದು ಅನಾನಸ್ ಸಾಕು. ಅರ್ಧ ಇಂಚಿನ ಹೋಳು ಮಾಡಿ, ಅರಿಶಿನ, ಉಪ್ಪು ಹಾಕಿ ಮೊದಲು ಪೂರ್ತಿ ಬೇಯಿಸಿ. ಹುಣಸೆಹುಳಿ, ಬೆಲ್ಲ ಮೊದಲೇ ಬಿದ್ದರೆ ಹೋಳು ಗಟ್ಟಿಯಾಗೇ ನಿಂತುಬಿಡುತ್ತೆ. ಮಸಾಲೆಗೆ ಎರಡು ಚಮಚ ಕಡಲೆಬೇಳೆ, ಒಂದು ಚಮಚ ಉದ್ದಿನಬೇಳೆ, ಎರಡು ಚಮಚ ಧನಿಯ, ಕಾಲು ಚಮಚ ಮೆಂತ್ಯ, ಎಂಟು ಬ್ಯಾಡಗಿ ಮೆಣಸಿನಕಾಯಿ ಹುರಿದು, ಎರಡು ದೊಡ್ಡ ಚಮಚ ಎಳ್ಳನ್ನು ಕೊನೆಯಲ್ಲಿ ಬೇರೆಯಾಗಿ ಹುರಿಯಿರಿ. ಮೆಂತ್ಯ, ಎಳ್ಳು ಎರಡೂ ಒಂದು ಕ್ಷಣ ಜಾಸ್ತಿಯಾದರೂ ಕಹಿ, ಆ ಕಹಿಯನ್ನು ಬೆಲ್ಲ ಮುಚ್ಚೋದಿಲ್ಲ. ಒಂದು ಹೋಳು ಕಾಯಿತುರಿ ಜೊತೆ ರುಬ್ಬಿ, ನಿಂಬೆಗಾತ್ರದ ಹುಣಸೆ, ಮೂರು ದೊಡ್ಡ ಚಮಚ ಬೆಲ್ಲ ಸೇರಿಸಿ ಹತ್ತು ನಿಮಿಷ ಕುದಿಸಿ. ಆರಿದ ಮೇಲೆ ಗಟ್ಟಿಯಾಗುತ್ತೆ, ಹಾಗಾಗಿ ಬೇಕಾದ್ದಕ್ಕಿಂತ ಸ್ವಲ್ಪ ತೆಳ್ಳಗಿರುವಾಗಲೇ ಇಳಿಸಿ, ಆರಿದೊಡನೆ ಫ್ರಿಜ್‌ಗೆ ಇಡಿ. ಹಣ್ಣು ಹುಳಿಯಾಗಿದ್ದರೆ ಹುಣಸೆ ಅರ್ಧಕ್ಕೆ ಇಳಿಸಿ.

ಮಾವಿನಕಾಯಿ ಚಿತ್ರಾನ್ನದಲ್ಲಿ ಎಡವೋದು ಎರಡು ಕಡೆ. ಒಂದು, ಕಾಯಿಯ ಹುಳಿ. ತೋತಾಪುರಿಯಾದರೆ ಅರ್ಧ ಕೆಜಿ ಅಕ್ಕಿಗೆ ಎರಡು ಬೇಕು, ನಾಟಿ ಹುಳಿಕಾಯಿಯಾದರೆ ಒಂದೇ ಸಾಕು. ತುರಿದು, ಬಾಯಿಗೆ ಹಾಕ್ಕೊಂಡು ನೋಡಿಯೇ ಅಳತೆ ನಿರ್ಧರಿಸಿ. ಎರಡು, ಸಾಸಿವೆ. ಕಾಯಿತುರಿ, ಒಣಮೆಣಸಿನಕಾಯಿ, ಅರ್ಧದಷ್ಟು ಮಾವಿನ ತುರಿಯನ್ನು ಮೊದಲು ರುಬ್ಬಿಕೊಂಡು, ಅರ್ಧ ಚಮಚ ಸಾಸಿವೆಯನ್ನು ಕೊನೆಯಲ್ಲಿ ಹಾಕಿ ಒಂದೆರಡು ಸುತ್ತು ತಿರುಗಿಸಿ. ಸಾಸಿವೆ ಜಾಸ್ತಿ ಹೊತ್ತು ಅರೆದರೆ ಕಹಿ ಬಿಡುತ್ತೆ. ಉಳಿದ ಮಾವಿನ ತುರಿಯನ್ನು ಒಗ್ಗರಣೆಯಲ್ಲಿ ಒಂದೇ ನಿಮಿಷ ಬಾಡಿಸಿ. ಅನ್ನ ಉದುರುದುರಾಗಿ ಮಾಡಿ, ಅಗಲ ತಟ್ಟೆಗೆ ಹರಡಿ ಪೂರ್ತಿ ಆರಿಸಿದ ಮೇಲೆ ಕಲಸಿ.

ಈಗ ಪಾಯಸ. ಒಬ್ಬಟ್ಟು ಜಗಿದು ತಿನ್ನುವ ಸಿಹಿ, ಅದರ ಪಕ್ಕ ಕುಡಿಯುವ ಸಿಹಿಯೇ ಹೊಂದೋದು. ಇನ್ನೊಂದು ಗಟ್ಟಿ ಸಿಹಿ ಇಟ್ಟರೆ ಎರಡೂ ಅರ್ಧ ಅರ್ಧ ಎಲೆಯಲ್ಲೇ ಉಳಿಯುತ್ತವೆ. 12 ಜನಕ್ಕೆ 50 ಗ್ರಾಂ ಗಸಗಸೆ, ಎರಡು ದೊಡ್ಡ ಚಮಚ ನೆನೆಸಿದ ಅಕ್ಕಿ, ಒಂದು ಇಡೀ ತೆಂಗಿನಕಾಯಿಯ ತುರಿ, 300 ಗ್ರಾಂ ಬೆಲ್ಲ, ಅರ್ಧ ಲೀಟರ್ ಹಾಲು, ಆರು ಏಲಕ್ಕಿ.

ಗಸಗಸೆಯನ್ನು ಸಣ್ಣ ಉರಿಯಲ್ಲಿ ಕೈ ಬಿಡದೆ ಎರಡು ಮೂರು ನಿಮಿಷ ಹುರಿಯಿರಿ. ಬಣ್ಣ ತಿರುಗೋವರೆಗೂ ಕಾಯಬಾರದು, ಘಮ ಬಂದು ಚಟಚಟ ಅನ್ನೋಕೆ ಶುರುವಾದ ಕೂಡಲೇ ತಟ್ಟೆಗೆ ಸುರಿದುಬಿಡಿ. ಬಿಸಿ ಬಾಣಲೆಯಲ್ಲೇ ಬಿಟ್ಟರೆ ಒಲೆ ಆರಿಸಿದ ಮೇಲೂ ಹುರಿಯುತ್ತಲೇ ಇರುತ್ತೆ. ಆರಿದ ಮೇಲೆ ಮೊದಲು ನೀರು ಹಾಕದೆ ಪುಡಿ ಮಾಡಿ. ಮೊದಲೇ ನೀರು ಬಿದ್ದರೆ ಈ ಸಣ್ಣ ಕಾಳು ಬ್ಲೇಡಿಗೆ ಸಿಗದೆ ಜಾರುತ್ತೆ, ಪಾಯಸ ಕುಡಿಯುವಾಗ ಗಂಟಲಲ್ಲಿ ಮರಳು ಮರಳು. ಪುಡಿಯಾದ ಮೇಲೆ ಅಕ್ಕಿ, ಕಾಯಿತುರಿ, ಏಲಕ್ಕಿ, ನೀರು ಹಾಕಿ ಬೆರಳಿಗೆ ತರಿ ಸಿಗದಷ್ಟು ನುಣ್ಣಗೆ ರುಬ್ಬಿ.

ಮೂರು ಲೋಟ ನೀರಿನ ಜೊತೆ ಇದನ್ನು ದಪ್ಪ ತಳದ ಪಾತ್ರೆಯಲ್ಲಿ ಹತ್ತು ನಿಮಿಷ ಕುದಿಸಿ. ಅಕ್ಕಿ ತಳಕ್ಕೆ ಕೂರುತ್ತೆ, ಸೌಟು ತಳ ಮುಟ್ಟುತ್ತಲೇ ಇರಬೇಕು. ಹಸಿ ವಾಸನೆ ಹೋದ ಮೇಲೆ ಬೆಲ್ಲ. ಅದನ್ನು ಬೇರೆ ಪಾತ್ರೆಯಲ್ಲಿ ಅರ್ಧ ಲೋಟ ನೀರಲ್ಲಿ ಕರಗಿಸಿ, ಶೋಧಿಸಿಯೇ ಹಾಕಿ, ತಳದಲ್ಲಿ ಮಣ್ಣು ಉಳಿಯೋದನ್ನು ನೀವೇ ನೋಡ್ತೀರಿ. ಐದು ನಿಮಿಷ ಕುದಿಸಿ ಒಲೆ ಆರಿಸಿ. ಹಾಲು ಈಗಲೇ ಬೇಡ. ಬೆಲ್ಲದಲ್ಲಿ ಹುಳಿ ಅಂಶ ಇರುತ್ತೆ, ಕುದಿಯುವ ಬೆಲ್ಲಕ್ಕೆ ಹಾಲು ಬಿದ್ದರೆ ಒಡೆಯುತ್ತೆ. ಕಾಲು ಗಂಟೆ ಬಿಟ್ಟು, ಕಾಯಿಸಿ ಆರಿಸಿದ ಹಾಲನ್ನು ಸ್ವಲ್ಪ ಸ್ವಲ್ಪವೇ ಸುರಿದು ಕಲಕಿ. ಮತ್ತೆ ಬಿಸಿ ಮಾಡಬೇಕಾದರೆ ಪಾಯಸದ ಪಾತ್ರೆಯನ್ನು ಬಿಸಿನೀರಿನ ಪಾತ್ರೆಯೊಳಗೆ ಇಡಿ, ನೇರ ಉರಿ ಬೇಡ. ಗಟ್ಟಿಯಾದರೆ ತೆಳು ಮಾಡೋಕೆ ಒಂದು ಲೋಟ ಹಾಲು ಪಕ್ಕಕ್ಕಿಟ್ಟಿರಿ.

ಇದನ್ನು ಓದುವ ಕೊಲ್ಲಿ ದೇಶದ ಕನ್ನಡಿಗರಿಗೆ ಒಂದು ಮಾತು: ಯುಎಇ, ಸೌದಿಗೆ ಗಸಗಸೆ ಒಯ್ಯೋದು ನಿಷಿದ್ಧ, ಊರಿಂದ ಬರುವವರ ಕೈಲಿ ತರಿಸಲೇಬೇಡಿ. ಗಸಗಸೆ ಬದಲು ನೆನೆಸಿ ಸಿಪ್ಪೆ ತೆಗೆದ 25 ಬಾದಾಮಿ ಹಾಕಿ ಇದೇ ಕ್ರಮದಲ್ಲಿ ಮಾಡಿ, ಹುರಿಯುವ, ಪುಡಿ ಮಾಡುವ ಹಂತ ಮಾತ್ರ ಬೇಕಿಲ್ಲ. ಇಷ್ಟಕ್ಕೂ ಪುರುಸೊತ್ತಿಲ್ಲ ಅನ್ನುವವರಿಗೆ ಕರಬೂಜದ ರಸಾಯನ ಇದೆ: ಹೆಚ್ಚಿದ ಹಣ್ಣು, ಕಾಯಿಹಾಲು, ಬೆಲ್ಲ, ಏಲಕ್ಕಿ. ಒಲೆ ಹಚ್ಚೋದೇ ಬೇಡ, ಬಡಿಸುವ ಕಾಲು ಗಂಟೆ ಮುಂಚೆ ಕಲಸಿದರೆ ಆಯ್ತು.

ಆಂಬೊಡೆ ಇಲ್ಲದೆ ಹಬ್ಬವೇ ಅಲ್ಲ ಅಂತ ಮನೆಯಲ್ಲಿ ಹಟ ಹಿಡಿದರೆ ತಲೆಗೆ ಒಂದರಂತೆ ಮಾಡಿ, ಕೋಸಂಬರಿ ಬೇಳೆಯನ್ನು 150 ಗ್ರಾಂಗೆ ಇಳಿಸಿ ಸೌತೆಕಾಯಿ ಹೆಚ್ಚಿಸಿ. ಕಡಲೆಬೇಳೆ ಎರಡು ಗಂಟೆಗಿಂತ ಹೆಚ್ಚು ನೆನೆಸಬೇಡಿ, ರುಬ್ಬುವಾಗ ನೀರು ಒಂದು ಹನಿಯೂ ಬೇಡ. ನೀರಾದ ಹಿಟ್ಟು ಎಣ್ಣೆ ಕುಡಿಯುತ್ತೆ.

ತೆಂಗಿನಕಾಯಿ ನಿಮ್ಮ ಪಾಲಿನ ಅಡುಗೆಗೇ ಮೂರು ಬೇಕು, ಅತ್ತೆಯವರ ಸಾರಿಗೆ ಬೇಕಾದದ್ದು ಬೇರೆ. ಕೆಟ್ಟ ಕಾಯಿ ಬಂದರೆ ಇರಲಿ ಅಂತ ಒಂದು ಹೆಚ್ಚಿಗೆ ತಂದಿಡಿ, ಹಬ್ಬದ ಬೆಳಿಗ್ಗೆ ಅಂಗಡಿ ಹುಡುಕಿಕೊಂಡು ಹೋಗೋಕೆ ಯಾರಿಗೂ ಪುರುಸೊತ್ತಿರಲ್ಲ.