‘ಥಾರ್: ಲವ್ ಅಂಡ್ ಥಂಡರ್’ ಪ್ರೇಕ್ಷಕರಿಗೆ ಏಕೆ ಹಿಡಿಸಲಿಲ್ಲ?

ದುಃಖಕ್ಕೆ ಜಾಗ ಕೊಡಬೇಕಾದ ಕಡೆಯಲ್ಲೂ ಚಿತ್ರ ನಗಿಸಲು ಹೊರಟಿದ್ದೇ ಮುಖ್ಯ ಕಾರಣ. 2017ರ ‘ಥಾರ್: ರಾಗ್ನರಾಕ್’ ಮತ್ತು 2022ರ ಈ ಚಿತ್ರ, ಎರಡನ್ನೂ ನಿರ್ದೇಶಿಸಿದವರು ಟೈಕಾ ವೈಟಿಟಿ. ಮೊದಲನೆಯದರಲ್ಲಿ, ಮಾರ್ವೆಲ್ ಚಿತ್ರಗಳ ಸೂಪರ್‌ಹೀರೋ ಆದ ಗುಡುಗಿನ ದೇವರು ಥಾರ್ ತನ್ನ ಸುತ್ತಿಗೆ, ಕೂದಲು, ಕೊನೆಗೆ ನಾಡನ್ನೇ ಕಳೆದುಕೊಳ್ಳುತ್ತಾ ಹೋಗುವಾಗ ಹಾಸ್ಯವು ಅವನ ಜಂಬವನ್ನು ಇಳಿಸುತ್ತಿತ್ತು. ಆದ್ದರಿಂದ ನಗುವಿನ ಜೊತೆಗೇ ಕಥೆಯೂ ಮುಂದೆ ಸಾಗುತ್ತಿತ್ತು.

ಈ ಚಿತ್ರದಲ್ಲಿ ಥಾರ್‌ನ ಹಳೆಯ ಪ್ರೇಯಸಿ ಜೇನ್ ಫಾಸ್ಟರ್‌ಗೆ ನಾಲ್ಕನೇ ಹಂತದ ಕ್ಯಾನ್ಸರ್. ಖಳನಾಯಕ ಗಾರ್, ಬರಡು ನೆಲದಲ್ಲಿ ಮಗಳನ್ನು ಕಳೆದುಕೊಂಡ ತಂದೆ. ಗಾರ್ ಪಾತ್ರ ಮಾಡಿರುವ ಕ್ರಿಶ್ಚಿಯನ್ ಬೇಲ್ ಆ ಸಂಕಟವನ್ನು ಆರಂಭದ ದೃಶ್ಯದಲ್ಲಿ ಎಷ್ಟು ತೀವ್ರವಾಗಿ ತೋರಿಸುತ್ತಾರೆಂದರೆ, ಸ್ವಲ್ಪ ಹೊತ್ತಿನಲ್ಲೇ ಥಾರ್‌ನ ಕಲ್ಲುಮೈಯ ಗೆಳೆಯ ಕೋರ್ಗ್‌ನ ತಮಾಷೆಯ ನಿರೂಪಣೆಯೂ ಮತ್ತೆ ಮತ್ತೆ ಕಿರುಚುವ ಆಡುಗಳೂ ಬಂದಾಗ ನನಗಂತೂ ಕಸಿವಿಸಿಯಾಯಿತು. ನಗು ಮನಸ್ಸಿನ ಬಿಗಿಯನ್ನು ಸಡಿಲಿಸುತ್ತದೆ. ಬಿಗಿ ಕಟ್ಟುವ ಮೊದಲೇ ಸಡಿಲಿಸಿದರೆ ಪಾತ್ರಕ್ಕಾಗಿ ಮರುಗಲು ನಮಗೆ ಅವಕಾಶವೇ ಸಿಗುವುದಿಲ್ಲ.

ಅಮೆರಿಕದಲ್ಲಿ ಬಿಡುಗಡೆಯ ಮೊದಲ ದಿನಗಳಲ್ಲಿ ಚಿತ್ರಮಂದಿರಕ್ಕೆ ಬಂದವರನ್ನೇ ಕೇಳಿ ಅಂಕ ಕೊಡುವ ಸಿನಿಮಾಸ್ಕೋರ್‌ನಲ್ಲಿ ‘ರಾಗ್ನರಾಕ್’ಗೆ ‘ಎ’ ಸಿಕ್ಕಿದ್ದರೆ ಇದಕ್ಕೆ ಸಿಕ್ಕಿದ್ದು ‘ಬಿ ಪ್ಲಸ್’. ಅಲ್ಲಿ ಎರಡನೇ ವಾರಾಂತ್ಯದ ಗಳಿಕೆಯೂ ಮೊದಲ ವಾರಾಂತ್ಯದ ಮೂರನೇ ಒಂದು ಭಾಗದಷ್ಟಕ್ಕೆ ಕುಸಿಯಿತು.