ಕೋಡ್ ಬದಲಿಸಿದಾಗಲೆಲ್ಲ ಯೂನಿಟ್ ಟೆಸ್ಟ್ ಫೇಲ್ ಆಗುತ್ತದೆ. ಇದರಿಂದ ನಿಜವಾಗಿ ಲಾಭ ಇದೆಯಾ?

ಕೋಡ್ ಸ್ವಲ್ಪ ಮುಟ್ಟಿದರೂ ಟೆಸ್ಟ್ (ಕೋಡ್‌ನ ಒಂದು ಸಣ್ಣ ಭಾಗ ಸರಿಯಾದ ಉತ್ತರ ಕೊಡುತ್ತದಾ ಅಂತ ನೋಡುವ ಇನ್ನೊಂದು ಸಣ್ಣ ಕೋಡ್) ಫೇಲ್ ಆಗುತ್ತದೆ, ಅದನ್ನು ಸರಿಮಾಡುವುದರಲ್ಲೇ ಅರ್ಧ ದಿನ ಹೋಗುತ್ತದೆ, ಸಿಗುವ ಬಗ್‌ಗಳೋ ಕಡಿಮೆ ಅಂತ ಬರೆದಿದ್ದೀರಿ. ಟೀಮ್ ಲೀಡ್ ಮಾತ್ರ 80% ಕವರೇಜ್, ಅಂದರೆ ಕೋಡ್‌ನ ನೂರಕ್ಕೆ 80 ಸಾಲುಗಳಾದರೂ ಟೆಸ್ಟ್‌ನಲ್ಲಿ ಓಡುವುದು, ಬೇಕೇ ಬೇಕು ಅನ್ನುತ್ತಾರೆ ಅಂತಲೂ ಹೇಳಿದ್ದೀರಿ. ಫೇಲ್ ಆದ ಟೆಸ್ಟನ್ನು ನಾನೂ ಹೀಗೇ 'ಸರಿಮಾಡಿದ್ದೆ'. ಅದರಿಂದ ನಮ್ಮ ಟೀಮ್ ಒಬ್ಬ ಒಳ್ಳೆಯ ಗ್ರಾಹಕರನ್ನು ಕಳೆದುಕೊಂಡಿತು.

ಯಂತ್ರಗಳನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಕಂಪನಿಯೊಂದಕ್ಕೆ ನಾವು ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆವು. ಅದು ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಹಳೆಯ ಆವೃತ್ತಿ ಪೈಥಾನ್ 2ರಲ್ಲಿತ್ತು. 2020ರ ಜನವರಿ 1ಕ್ಕೆ ಪೈಥಾನ್ 2ರ ಸಪೋರ್ಟ್ ಮುಗಿಯುವುದಿತ್ತು. ಹಾಗಾಗಿ ಎಲ್ಲವನ್ನೂ ಪೈಥಾನ್ 3ಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂತು. ಟೆಸ್ಟ್‌ಗಳನ್ನು ಬರೆದಿದ್ದವರು ಅಷ್ಟರಲ್ಲಿ ಕಂಪನಿ ಬಿಟ್ಟಿದ್ದರು.

ಕೋಡ್ ಬದಲಿಸಿ ಟೆಸ್ಟ್ ಓಡಿಸಿದಾಗ ಸ್ಕ್ರೀನ್ ತುಂಬಾ ಕೆಂಪು, ಅಂದರೆ ಫೇಲ್. ಹೆಚ್ಚಿನವು ಗೊತ್ತಿದ್ದ ವಿಷಯಗಳೇ. ಪೈಥಾನ್ 2ರಲ್ಲಿ 7 / 2 ಅಂದರೆ 3 ಬರುತ್ತಿತ್ತು, ಪೈಥಾನ್ 3ರಲ್ಲಿ 3.5 ಬರುತ್ತದೆ. ಅಂಥ ಕಡೆಗಳಲ್ಲೆಲ್ಲ ಕೋಡ್ ತಿದ್ದಿದೆ. ಕೊನೆಗೆ ಒಂದು ಟೆಸ್ಟ್ ಉಳಿಯಿತು. ಎರಡೂವರೆ ಗಂಟೆ ಬಳಸಿದರೆ ಮೂರು ಗಂಟೆಗೆ ಬಿಲ್ ಆಗಬೇಕು ಅನ್ನುತ್ತಿತ್ತು ಟೆಸ್ಟ್. ಕೋಡ್ ಎರಡು ಅನ್ನುತ್ತಿತ್ತು. ನಾನು ಟೆಸ್ಟ್ ಫೈಲ್ ತೆರೆದು 3 ಅಳಿಸಿ 2 ಅಂತ ಹಾಕಿದೆ. ಎಲ್ಲ ಹಸಿರಾಯಿತು. ರಿಲೀಸ್ ಮಾಡಿದೆವು.

ಆಗ ನನ್ನ ತಲೆಯಲ್ಲಿ ಏನಿತ್ತು ಅನ್ನುವುದನ್ನು ಬಿಡಿಸಿ ಹೇಳಬೇಕು, ಯಾಕಂದರೆ ನಿಮ್ಮ ತಲೆಯಲ್ಲೂ ಇದೇ ಬರುತ್ತದೆ. ಗಂಟೆ ಲೆಕ್ಕ ಹಾಕುವ ಆ ಫಂಕ್ಷನ್ (ಒಂದು ಕೆಲಸ ಮಾಡುವ ಕೋಡ್‌ನ ತುಣುಕು) ಒಂದೇ ಸಾಲಿನದು, ಒಳಗೆ ಇದ್ದದ್ದು ಬರೀ 'ರೌಂಡ್', ಅಂದರೆ ಸಂಖ್ಯೆಯನ್ನು ಹತ್ತಿರದ ಪೂರ್ಣಾಂಕಕ್ಕೆ ತರುವುದು. ಅದನ್ನು ನಾನು ಮುಟ್ಟಿಯೇ ಇರಲಿಲ್ಲ. ಒಂದೂವರೆ ಗಂಟೆಯ ಟೆಸ್ಟ್ ಪಾಸ್, ಮೂರೂವರೆಯದೂ ಪಾಸ್. ಮುಟ್ಟದ ಕೋಡ್ ಕೆಡಲು ಸಾಧ್ಯವಿಲ್ಲ, ಹಾಗಾದರೆ ಈ ಒಂದು ಟೆಸ್ಟೇ ಹಳೆಯದು, ಯಾರೋ ತಪ್ಪಾಗಿ ಬರೆದಿದ್ದಾರೆ ಅಂದುಕೊಂಡೆ. ನಡೆದದ್ದು ಬೇರೆ. ಪೈಥಾನ್ 3ರಲ್ಲಿ 'ರೌಂಡ್' ಫಂಕ್ಷನ್‌ನ ನಿಯಮವೇ ಬದಲಾಗಿದೆ. ಸರಿಯಾಗಿ ಅರ್ಧಕ್ಕೆ ನಿಂತ ಸಂಖ್ಯೆ ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ. 1.5 ಕೊಟ್ಟರೆ 2, 2.5 ಕೊಟ್ಟರೂ 2. 3.5 ಕೊಟ್ಟರೆ 4, 4.5 ಕೊಟ್ಟರೂ 4. ಇದು ಪೈಥಾನ್‌ನ ದೋಷವಲ್ಲ. ಸಾವಿರಾರು ಸಂಖ್ಯೆಗಳನ್ನು ಕೂಡಿಸುವಾಗ ಮೊತ್ತ ಒಂದೇ ಕಡೆಗೆ ವಾಲದಿರಲಿ ಅಂತ ಬೇಕೆಂದೇ ಮಾಡಿದ್ದು. ಆದರೆ ನಮ್ಮ ಗ್ರಾಹಕರ ಒಪ್ಪಂದದಲ್ಲಿ ಅರ್ಧ ಗಂಟೆ ಬಂದರೆ ಮೇಲಕ್ಕೆ ಅಂತ ಸ್ಪಷ್ಟವಾಗಿ ಇತ್ತು.

ಆಮೇಲೆ ಪ್ರೋಗ್ರಾಂ ಎಲ್ಲೂ ನಿಲ್ಲಲಿಲ್ಲ. ಲಾಗ್‌ನಲ್ಲಿ ಒಂದು ಎರರ್ ಇಲ್ಲ. ಬಳಕೆ ಅರ್ಧ ಗಂಟೆಯ ಲೆಕ್ಕದಲ್ಲೇ ದಾಖಲಾಗುತ್ತಿತ್ತು. ಹಾಗಾಗಿ ಕೆಲವು ಬಿಲ್ ಸರಿ, ಕೆಲವು ಒಂದು ಗಂಟೆ ಕಡಿಮೆ. ವರ್ಷದ ಕೊನೆಗೆ ಅವರ ಅಕೌಂಟೆಂಟ್ ಯಂತ್ರದ ಲಾಗ್‌ಬುಕ್ ಜೊತೆ ಬಿಲ್ ತಾಳೆ ನೋಡಿದಾಗಲೇ ಇದು ಹೊರಬಂದದ್ದು. ನಾವು ಡೇಟಾಬೇಸ್ ಹುಡುಕಿದೆವು, ಗಂಟೆ ನಮೂದಿಸುವ ಆ್ಯಪ್ ಹುಡುಕಿದೆವು, ನೆಟ್‌ವರ್ಕ್ ಮೇಲೂ ಅನುಮಾನಪಟ್ಟೆವು. ಕೊನೆಗೆ ಗಿಟ್ ಹಿಸ್ಟರಿಯಲ್ಲಿ (ಕೋಡ್‌ನಲ್ಲಿ ಯಾರು ಯಾವಾಗ ಏನು ಬದಲಿಸಿದರು ಅನ್ನುವ ದಾಖಲೆಯಲ್ಲಿ) ಸಿಕ್ಕಿತು: 3 ಹೋಗಿ 2 ಬಂದ ಆ ಸಾಲು, ಪಕ್ಕದಲ್ಲಿ ನನ್ನ ಹೆಸರು. ಕೋಡ್ ಸರಿಮಾಡುವುದು ಕೆಲವೇ ನಿಮಿಷದ ಕೆಲಸ. ಪೈಥಾನ್‌ನ ಜೊತೆಗೇ ಬರುವ 'ಡೆಸಿಮಲ್' ಮಾಡ್ಯೂಲ್‌ನಲ್ಲಿ ಅರ್ಧವನ್ನು ಮೇಲಕ್ಕೆ ಒಯ್ಯುವ ಆಯ್ಕೆ ಇದೆ. ಆದರೆ ಮುಗಿದುಹೋದ ಬಿಲ್‌ಗಳ ಹಣವನ್ನು ಅವರು ಯಂತ್ರ ಬಾಡಿಗೆಗೆ ಪಡೆದವರಿಂದ ಮತ್ತೆ ಕೇಳುವ ಹಾಗಿರಲಿಲ್ಲ. ಮುಂದಿನ ವರ್ಷ ನಮ್ಮ ಜೊತೆ ಕೆಲಸ ಮುಂದುವರಿಸಲಿಲ್ಲ.

ಅರ್ಧ ಗಂಟೆ ಬಂದರೆ ಮೇಲಕ್ಕೆ ಅನ್ನುವ ಒಪ್ಪಂದದ ಆ ನಿಯಮ ನಮ್ಮ ಇಡೀ ಪ್ರಾಜೆಕ್ಟ್‌ನಲ್ಲಿ ಒಂದೇ ಕಡೆ ಬರೆದಿತ್ತು, ಆ ಟೆಸ್ಟ್‌ನಲ್ಲಿ. ಕೋಡ್‌ನಲ್ಲಿ ಇದ್ದದ್ದು ರೌಂಡ್ ಮಾಡು ಅನ್ನುವುದು ಮಾತ್ರ. ಯಾವ ಕಡೆಗೆ ಅಂತ ಹೇಳಿದ್ದು ಟೆಸ್ಟ್. ನಾನು ತಿದ್ದಿದ್ದು ಟೆಸ್ಟನ್ನಲ್ಲ, ಗ್ರಾಹಕರ ನಿಯಮವನ್ನು.

ಅದಕ್ಕೇ ಟೆಸ್ಟ್‌ನಿಂದ ಎಷ್ಟು ಬಗ್ ಸಿಗುತ್ತದೆ ಅನ್ನುವ ನಿಮ್ಮ ಲೆಕ್ಕವನ್ನೇ ನಾನು ಒಪ್ಪುವುದಿಲ್ಲ. ಬರೆದ ದಿನ ಟೆಸ್ಟ್‌ನಿಂದ ಸಿಗುವುದು ಕಡಿಮೆಯೇ, ಯಾಕಂದರೆ ಆ ದಿನ ಎಲ್ಲವೂ ನಿಮ್ಮ ತಲೆಯಲ್ಲಿ ಇರುತ್ತದೆ. ಅದು ಕೆಲಸಕ್ಕೆ ಬರುವುದು ಮುಂದೆ, ಭಾಷೆ ಬದಲಾದಾಗ, ಲೈಬ್ರರಿ ಬದಲಾದಾಗ, ಬರೆದವರು ಬಿಟ್ಟುಹೋದಾಗ. ನಮ್ಮ ಕೋಡ್ ಹಾಗೇ ಇದ್ದರೂ ಅದರ ಸುತ್ತ ಇರುವುದು ಬದಲಾಗುತ್ತದೆ. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ಹಾರಿದ ಒಂದು ನಿಮಿಷದೊಳಗೇ ನಾಶವಾಯಿತು. ದಿಕ್ಕು ತಿಳಿಸುವ ವ್ಯವಸ್ಥೆಯ ಸಾಫ್ಟ್‌ವೇರ್ ಹಿಂದಿನ ರಾಕೆಟ್ ಏರಿಯಾನ್ 4ರಿಂದ ಬಂದದ್ದು. ಅಲ್ಲಿ ತೊಂದರೆ ಕೊಟ್ಟಿರಲಿಲ್ಲ. ಹೊಸ ರಾಕೆಟ್ ಬೇಗ ವೇಗ ಹಿಡಿಯಿತು, 64 ಬಿಟ್‌ನಲ್ಲಿದ್ದ ಸಂಖ್ಯೆ 16 ಬಿಟ್‌ನ ಸಣ್ಣ ಜಾಗದಲ್ಲಿ ಹಿಡಿಸಲಿಲ್ಲ. ಹೊಸ ರಾಕೆಟ್‌ನ ಹಾದಿಯ ಸಂಖ್ಯೆಗಳನ್ನು ಆ ಕೋಡ್‌ಗೆ ಮೊದಲೇ ಕೊಟ್ಟು ನೋಡಿರಲಿಲ್ಲ.

ಇನ್ನು ನಿಮ್ಮ ಟೆಸ್ಟ್‌ಗಳು ಪದೇ ಪದೇ ಫೇಲ್ ಆಗುವ ವಿಷಯ. ಫೇಲ್ ಆದಾಗ ಮೊದಲು ನೋಡಬೇಕಾದ್ದು ಉತ್ತರ ಬದಲಾಗಿದೆಯಾ ಅನ್ನುವುದು. ಒಳಗಿನ ಫಂಕ್ಷನ್‌ನ ಹೆಸರು ಬದಲಿಸಿದಿರಿ, ಕರೆಯುವ ಕ್ರಮ ಬದಲಿಸಿದಿರಿ, ಉತ್ತರ ಅದೇ ಇದೆ, ಆದರೂ ಟೆಸ್ಟ್ ಕೆಂಪಾಯಿತು ಅಂದರೆ ಅದು ಕೆಟ್ಟ ಟೆಸ್ಟ್. ಎಲ್ಲದಕ್ಕೂ ಮಾಕ್ (ನಿಜವಾದ ಭಾಗದ ಜಾಗದಲ್ಲಿ ನಿಲ್ಲಿಸುವ ನಕಲಿ) ಹಾಕಿ, ಇದನ್ನು ಕರೆದೆಯಾ, ಅದನ್ನು ಕರೆದೆಯಾ ಅಂತ ಕೇಳುವ ಟೆಸ್ಟ್‌ಗಳು ಹೀಗೇ ಆಗುತ್ತವೆ. ಅಂಥವನ್ನು ಅಳಿಸಿಬಿಡಿ. ಟೀಮ್ ಲೀಡ್ ಬೈದರೂ ಪರವಾಗಿಲ್ಲ. ಆದರೆ ಉತ್ತರವೇ ಬದಲಾಗಿದ್ದರೆ ಕೀಬೋರ್ಡ್‌ನಿಂದ ಕೈ ತೆಗೆಯಿರಿ. ಹಳೆಯ ಉತ್ತರ ಅಲ್ಲಿ ಯಾಕಿತ್ತು ಅಂತ ಹೇಳಲು ಬರುವವರೆಗೆ ಅದನ್ನು ಮುಟ್ಟಬೇಡಿ.

80% ಕವರೇಜ್ ಬಗ್ಗೆ ನನಗೆ ಸಿಟ್ಟಿದೆ. ಕವರೇಜ್ ಹೇಳುವುದು ಆ ಸಾಲು ಓಡಿತು ಅಂತ ಮಾತ್ರ, ಸರಿಯಾದ ಉತ್ತರ ಬಂತು ಅಂತಲ್ಲ. ಏನನ್ನೂ ಪರೀಕ್ಷಿಸದ ಟೆಸ್ಟ್ ಬರೆದರೂ ಕವರೇಜ್ ಏರುತ್ತದೆ. ನಾನು 3 ಅಳಿಸಿ 2 ಹಾಕಿದ ದಿನ ಕವರೇಜ್ ಒಂದಿಷ್ಟೂ ಬದಲಾಗಿರಲಿಲ್ಲ. ಈಗ ಎಐ ಕೈಲಿ ಟೆಸ್ಟ್ ಬರೆಸುವವರು ಜಾಸ್ತಿ. ಅದಕ್ಕೆ ಕೋಡ್ ಒಂದನ್ನೇ ಕೊಟ್ಟರೆ ಅದು ಕೋಡ್ ಏನು ಮಾಡುತ್ತದೋ ಅದನ್ನೇ ಸರಿ ಅಂತ ಬರೆದುಬಿಡಬಹುದು. ನಾನು ಮಾಡಿದ್ದೂ ಅದನ್ನೇ ಅಲ್ವಾ? ಬರಬೇಕಾದ ಉತ್ತರ ಕೋಡ್‌ನ ಹೊರಗಿನಿಂದ ಬರಬೇಕು. ಒಪ್ಪಂದದಿಂದ, ನಿಯಮದ ಪುಸ್ತಕದಿಂದ, ಇಲ್ಲಾ ಕೈಯಲ್ಲಿ ಮಾಡಿದ ಲೆಕ್ಕದಿಂದ.

ಟೆಸ್ಟ್ ಇದ್ದರೆ ಬಗ್ ಇರುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಟೆಸ್ಟ್‌ನಿಂದ ಬಗ್ ಇದೆ ಅಂತ ತೋರಿಸಬಹುದು, ಇಲ್ಲವೇ ಇಲ್ಲ ಅಂತ ತೋರಿಸಲಾಗದು ಎಂದು ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ 1970ರ ಸುಮಾರಿಗೇ ಹೇಳಿದ್ದರು. ಟೆಸ್ಟ್ ಅಂದರೆ ದೊಡ್ಡ ಸಲಕರಣೆ, ದೊಡ್ಡ ಖರ್ಚು ಅನ್ನುವುದನ್ನೂ ನಂಬಬೇಡಿ. ಕೆಂಟ್ ಬೆಕ್ ಮತ್ತು ಎರಿಕ್ ಗಾಮಾ 1997ರಲ್ಲಿ ಜ್ಯೂರಿಕ್‌ನಿಂದ ಅಟ್ಲಾಂಟಾಕ್ಕೆ ಹೋಗುವ ವಿಮಾನದಲ್ಲಿ ಕೂತು ಜೆಯುನಿಟ್, ಅಂದರೆ ಜಾವಾ ಭಾಷೆಯಲ್ಲಿ ಟೆಸ್ಟ್ ಬರೆಯುವ ಸಲಕರಣೆ, ಶುರುಮಾಡಿದ್ದು. ಒಳಗೆ ಅಷ್ಟು ಸರಳವಾದ ವಸ್ತು ಅದು. ನಿಮ್ಮ ಟೆಸ್ಟ್ ಓಡಲು ನಿಮಿಷಗಟ್ಟಲೆ ಹಿಡಿಯುತ್ತಿದ್ದರೆ ಅದು ಡೇಟಾಬೇಸನ್ನೋ ನೆಟ್‌ವರ್ಕನ್ನೋ ಮುಟ್ಟುತ್ತಿರಬೇಕು. ಲೆಕ್ಕ ಮಾಡುವ ಭಾಗವನ್ನು ಅವುಗಳಿಂದ ಬಿಡಿಸಿ ಬೇರೆ ಫಂಕ್ಷನ್ ಮಾಡಿ. ಆಗ ನೂರಾರು ಟೆಸ್ಟ್ ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ.

ಎಲ್ಲಿಂದ ಶುರು ಅಂತ ಕೇಳಿದ್ದೀರಿ. ಹಣ, ದಿನಾಂಕ, ಮಿತಿ, ರಿಯಾಯಿತಿ ಲೆಕ್ಕ ಹಾಕುವ ಫಂಕ್ಷನ್‌ಗಳಿಂದ ಶುರುಮಾಡಿ. ಸೊನ್ನೆ, ಸರಿಯಾಗಿ ಅರ್ಧ, ತಿಂಗಳ ಕೊನೆಯ ದಿನ, ಮಿತಿಗಿಂತ ಒಂದು ಹೆಚ್ಚು, ಒಂದು ಕಡಿಮೆ, ಇವನ್ನು ಬರೆಯಿರಿ. ಗೆಟರ್, ಸೆಟರ್‌ಗಳಿಗೆ (ಒಂದು ಮೌಲ್ಯವನ್ನು ಬರೀ ಓದಿಕೊಡುವ, ಇಡುವ ಫಂಕ್ಷನ್‌ಗಳಿಗೆ) ಸುಮ್ನೆ ಟೆಸ್ಟ್ ಬರೆಯಬೇಡಿ. ಪ್ರತಿ ಟೆಸ್ಟ್‌ನ ಹೆಸರಿನಲ್ಲಿ ನಿಯಮ ಇರಲಿ, ಫಂಕ್ಷನ್ ಹೆಸರಲ್ಲ. ಇನ್ನೊಂದು ಪದ್ಧತಿಯನ್ನು ನಾನಿರುವ ಟೀಮ್‌ನಲ್ಲಿ ಹಟ ಮಾಡಿ ತಂದಿದ್ದೇನೆ. ಟೆಸ್ಟ್‌ನಲ್ಲಿ ಬರಬೇಕಾದ ಉತ್ತರವನ್ನು ಬದಲಿಸುವುದಾದರೆ ಅದು ಬೇರೆಯೇ ಕಮಿಟ್ (ಗಿಟ್‌ನಲ್ಲಿ ದಾಖಲಾಗುವ ಒಂದು ಬದಲಾವಣೆ) ಆಗಬೇಕು, ಯಾಕೆ ಅಂತ ಕಾರಣ ಬರೆದಿರಬೇಕು. ಆ ನಿಯಮ ಗೊತ್ತಿರುವವರೊಬ್ಬರು ನೋಡಿ ಒಪ್ಪಿದ ಮೇಲೆಯೇ ಅದು ಒಳಗೆ ಹೋಗುತ್ತದೆ.